ಮಾಲಕರ ಕಾಟಾ, ನಮ್ಮ ಹೊಟ್ಟಿ

ಸೊಲ್ಲಾಪುರದಲ್ಲಿ ಕಾಟಾ ಏರದೆ ಉಳಿದ ವಸ್ತು ಅಂತ ಇಷ್ಟು ದಿನ ಒಂದೇ ಇತ್ತು, ಅದು ಕೆಲಸಗಾರನ ಹೊಟ್ಟೆ. ಮಿಕ್ಕಿದ್ದೆಲ್ಲ ತೂಕಕ್ಕೆ ಬಿದ್ದದ್ದೇ. ಚಾದರದ ಕಾರಖಾನೆಗೆ ಸೂತು ಬಂದರೆ ತೂಕ, ಟಾವೆಲ್ಲು ಹೊರಗೆ ಹೊಂಟರೆ ತೂಕ. ಬೀಡಿ ಕಟ್ಟುವ ಹೆಣ್ಣುಮಕ್ಕಳಿಗೆ ಎಲೆ-ತಂಬಾಕು ತೂಗಿ ಕೊಟ್ಟು, ಬೀಡಿ ಎಣಿಸಿ ತೆಗೆದುಕೊಳ್ಳುತ್ತಾರೆ. ನಡುವೆ ಎಲೆ ಸಾಲದೆ ಬಂದರೆ ಸ್ವಂತ ರೊಕ್ಕದಿಂದ ತಂದು ಸಾವಿರ ಬೀಡಿಯ ಲೆಕ್ಕ ತುಂಬಿಸುವವಳು ಆಕೆಯೇ. ಇನ್ನು ಕಬ್ಬು. ನಮ್ಮ ಜಿಲ್ಲೆಯ ರೈತನಿಗೆ ಇರುವುದು ಎರಡೇ ಚಿಂತೆ: ಉಜನಿ ಅಣೆಕಟ್ಟಿನಲ್ಲಿ ನೀರು ಎಷ್ಟಿದೆ, ಕಾರಖಾನೆಯ ಕಾಟಾದಲ್ಲಿ ಮೋಸ ಎಷ್ಟಿದೆ. ತೂಕದ ಈ ಮೋಸಕ್ಕಿರುವ ಕಾಟಾಮಾರಿ ಎಂಬ ಹೆಸರು ಇಲ್ಲಿ ಕೂಸಿಗೂ ಗೊತ್ತು. ಒಳಗೆ ಹೋಗುವ ಮೊದಲು ಹೊರಗಿನ ಖಾಸಗಿ ಕಾಟಾದಲ್ಲಿ ಟ್ರ್ಯಾಕ್ಟರ್ ತೂಗಿಸಿ, ಚೀಟಿ ಕಿಸೆಯಲ್ಲಿಟ್ಟುಕೊಂಡು ಹೋಗುವ ಜಾಣರಿದ್ದಾರೆ. ಚೀಟಿ ಇದ್ದರೂ ಜಗಳ ಗೆದ್ದವರು ಕಡಿಮೆ, ಆ ಮಾತು ಬೇರೆ.

ಇಂಥ ಊರಿನ ಹುಡುಗರು ಪುಣೆ-ಬೆಂಗಳೂರು ಸೇರಿ, ಹಬ್ಬಕ್ಕೆ ರೈಲಿನಿಂದ ಇಳಿದು ಬಂದಾಗ ಒಂದು ಹೊಸ ಸುದ್ದಿ ತರುತ್ತಾರೆ. ಅವರ ಆಫೀಸಿನಲ್ಲೂ ಕಾಟಾ ಬಂದಿದೆಯಂತೆ. ಗಾಜಿನದು, ಚಪ್ಪಟೆ, ಹತ್ತಿ ನಿಂತರೆ ಕೆಂಪು ಅಂಕಿ. ಅದಕ್ಕೊಂದು ಹೆಸರು, ವೆಲ್‌ನೆಸ್ ಪ್ರೋಗ್ರಾಮ್. ಅದಕ್ಕೊಬ್ಬ ಎಚ್ಆರ್ ಮೇಡಮ್ಮು. ಅದಕ್ಕೊಂದು ಮೊಬೈಲ್ ಆ್ಯಪು. ಆ ಆ್ಯಪು ದಿನಕ್ಕೆ ಎಷ್ಟು ಹೆಜ್ಜೆ ಹಾಕಿದಿರಿ ಎಂದು ಕೇಳುತ್ತದೆ. ಇದನ್ನು ಕೇಳಿ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ತಂಬಾಕು ತಿಕ್ಕುತ್ತ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೋ ತಮ್ಮಾ, ತೂಕ ಕಮ್ಮಿ ಬಂದ್ರ ಪಗಾರ ಕಟ್ ಮಾಡ್ತಾರೋ, ಹೆಚ್ಚಿಗಿ ಬಂದ್ರ ಕಟ್ ಮಾಡ್ತಾರೋ?"

ಹುಡುಗನ ಹತ್ತಿರ ಉತ್ತರವಿರಲಿಲ್ಲ. ಹಿರಿಯರ ಲೆಕ್ಕ ಸರಳ. ಮಾಲಕನ ಹತ್ತಿರ ಕಾಟಾ ಇದೆ ಎಂದರೆ ಕಟ್ ಇದ್ದೇ ಇದೆ, ಗೊತ್ತಾಗಬೇಕಾದದ್ದು ಯಾವ ಕಡೆಯಿಂದ ಎಂಬುದಷ್ಟೇ.

ಆದರೆ ಒಮ್ಮೊಮ್ಮೆ ಕಟ್ಟಿನ ಬದಲು ಕೊಡುಗೆಯೂ ಇರುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಜೆರೋಧಾ ಸಾಕ್ಷಿ. 2022ರ ಏಪ್ರಿಲ್‌ನಲ್ಲಿ ಅದರ ಮುಖ್ಯಸ್ಥ ನಿತಿನ್ ಕಾಮತ್ ಟ್ವಿಟರಿನಲ್ಲಿ ಸಾರಿದರು: ನಮ್ಮಲ್ಲಿ ಯಾರ ಬಿಎಂಐ (ಎತ್ತರಕ್ಕೆ ತೂಕ ಹೋಲಿಸುವ ಅಂಕಿ) 25ಕ್ಕಿಂತ ಕಡಿಮೆಯೋ ಅವರಿಗೆ ಅರ್ಧ ತಿಂಗಳ ಪಗಾರ ಬೋನಸ್. ಕಂಪನಿಯ ಸರಾಸರಿ ಈಗ 25.3, ಆಗಸ್ಟ್ ಹೊತ್ತಿಗೆ ಅದು 24ಕ್ಕಿಂತ ಕೆಳಗೆ ಬಂದರೆ ಎಲ್ಲರಿಗೂ ಇನ್ನರ್ಧ ತಿಂಗಳಿನದು. ಹೊಗಳಿದವರು ಹೊಗಳಿದರು, ಬೈದವರು ಬೈದರು. ಬಿಎಂಐ ಒಳ್ಳೆಯ ಅಳತೆ ಅಲ್ಲದಿರಬಹುದು, ಶುರು ಮಾಡಲು ಸುಲಭದ್ದು ಎಂದು ಅವರೇ ಒಪ್ಪಿಕೊಂಡಿದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಆಟ ಬದಲಾಯಿತು: ತೂಕ ಬಿಡಿ, ದಿನಕ್ಕೆ ಕನಿಷ್ಠ 350 ಕ್ಯಾಲರಿ ಓಡಾಡಿ ಸುಡಿ, ವರ್ಷದ ನೂರಕ್ಕೆ ತೊಂಬತ್ತು ದಿನ ಗುರಿ ಮುಟ್ಟಿದರೆ ಒಂದು ತಿಂಗಳ ಪಗಾರ, ಮೇಲೆ ಒಬ್ಬ ಅದೃಷ್ಟವಂತನಿಗೆ 10 ಲಕ್ಷ. ಮೊದಲನೆಯದಕ್ಕಿಂತ ಎರಡನೆಯದು ಮರ್ಯಾದಸ್ಥ ಆಟ ಅಂತ ನನಗನ್ನಿಸಿತು. ದುಡಿದದ್ದಕ್ಕೆ ಕೂಲಿ ಎಂದರೆ ನಮಗೆ ತಿಳಿಯುತ್ತದೆ.

ಆ ಮೊದಲನೆಯ ಆಟದ ಸರಾಸರಿಯನ್ನು ಮಾತ್ರ ಸ್ವಲ್ಪ ಕೂತು ಚಪ್ಪರಿಸಬೇಕು. 25.3ರಿಂದ 24ಕ್ಕೆ ಇಳಿಯಲು ಐದೂವರೆ ಅಡಿ ಎತ್ತರದ ಮನುಷ್ಯ ಸುಮಾರು ಮೂರೂವರೆ ಕಿಲೋ ಕಳೆದುಕೊಳ್ಳಬೇಕು. ಬೋನಸ್ ಎಲ್ಲರಿಗೂ, ತೂಕ ಮಾತ್ರ ಒಬ್ಬೊಬ್ಬರದು. ಇಂಥ ನಿಯಮ ನಮ್ಮೂರಿನ ಒಂದು ಆಫೀಸಿನಲ್ಲಿ ಬಂತು ಅಂತಿಟ್ಟುಕೊಳ್ಳಿ. ಮರುದಿನದಿಂದಲೇ ಇಡೀ ಇಲಾಖೆಯ ಕಣ್ಣು ಅಕೌಂಟ್ಸಿನ ಅಣ್ಣಾವರ ಡಬ್ಬಿಯ ಮೇಲೆ. ಅವರು ಮುಚ್ಚಳ ತೆಗೆಯುವುದಕ್ಕೂ ಇಬ್ಬರು ಬಂದು ಬಗ್ಗಿ ನೋಡುವುದಕ್ಕೂ ಸರಿಹೋಗುತ್ತದೆ. "ಅಣ್ಣಾ, ಶೇಂಗಾ ಹೋಳಿಗಿ ಮತ್ತ ತಂದೀರೇನು? ನಮ್ಮ ಹೊಟ್ಟಿ ಮ್ಯಾಲ ಹೊಡೀತೀರಲ್ರಿ!" ಪಾಪ, ಅವರ ಹೊಟ್ಟೆಯ ಹೊಣೆ ಈಗ ನಲವತ್ತು ಮನೆಗಳ ಹೊಣೆ. ಸರಾಸರಿ ಇಳಿಸುವ ಇನ್ನೊಂದು ಹಾದಿಯೂ ಇದೆ, ಅದಕ್ಕೆ ಯಾರೂ ಬೆವರಬೇಕಿಲ್ಲ: ಅಣ್ಣಾವರನ್ನು ಅಕ್ಕಲಕೋಟೆಯ ಶಾಖೆಗೆ ವರ್ಗ ಮಾಡಿದರಾಯಿತು. ಇಲ್ಲಿ ಸರಾಸರಿ ಇಳಿಯಿತು, ಅಲ್ಲಿ ಏರಿತು, ಅಲ್ಲಿಯ ಮ್ಯಾನೇಜರನ ಹಣೆಬರಹ.

ಅಳತೆಯ ವಿಷಯಕ್ಕೆ ಬಂದರೆ, ಈ ಬಿಎಂಐ ಸೂತ್ರ ಹುಡುಕಿದವನು ವೈದ್ಯನಲ್ಲ. ಬೆಲ್ಜಿಯಮ್ಮಿನ ಅಡಾಲ್ಫ್ ಕೆಟ್ಲೆ, ಖಗೋಳ ಮತ್ತು ಗಣಿತದವನು, 1830ರ ದಶಕದಲ್ಲಿ 'ಸರಾಸರಿ ಮನುಷ್ಯ' ಹೇಗಿರುತ್ತಾನೆ ಎಂದು ಲೆಕ್ಕ ಹಾಕಲು ಹೊರಟಾಗ ಸಿಕ್ಕದ್ದು. ಅದಕ್ಕೆ ಬಿಎಂಐ ಎಂದು ಹೆಸರಿಟ್ಟವರು 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್. ನಕ್ಷತ್ರ ನೋಡುವವನು ಮಾಡಿದ ಲೆಕ್ಕದಿಂದ ನಮ್ಮ ಅಕೌಂಟ್ಸಿನ ಅಣ್ಣಾವರ ಬೋನಸ್ ನಿಂತಿತು ಎಂದರೆ ಜಾತಕಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿಯಾರು.

ತಮಾಷೆ ಬಿಟ್ಟು ಒಂದು ನಿಜ ಹೇಳಬೇಕು. ನಮ್ಮ ನೆರೆಯ ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಜೋಡಿಯಾಗಿ ಒಂದು ಫೋಟೋ ತೆಗೆಸಿಕೊಂಡು 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಇಬ್ಬರ ಬಿಎಂಐ ಒಂದೇ, 22.3. ಕೊಬ್ಬು ಅಳೆದರೆ ಲಂಡನ್ನಿನವರದು ಮೈತೂಕದ ಶೇಕಡಾ 9.1, ಪುಣೆಯವರದು 21.2. ನಾವು ನೋಡಲು ಕಡ್ಡಿ, ಒಳಗೆ ಬೆಣ್ಣೆ. ಅದಕ್ಕೇ 2009ರಲ್ಲಿ ಭಾರತದ ತಜ್ಞರು ನಮ್ಮವರಿಗೆ ಬೇರೆ ಗೆರೆ ಎಳೆದರು: 23 ದಾಟಿದರೆ ಹೆಚ್ಚಿನ ತೂಕ, 25ಕ್ಕೆ ಬೊಜ್ಜು. ಗಂಡಸಿನ ಸೊಂಟ 90 ಸೆಂಟಿಮೀಟರ್, ಹೆಂಗಸಿನದು 80 ದಾಟಬಾರದು. ಅಂದರೆ ಯಾವ 25ರ ಒಳಗೆ ಬಂದವನಿಗೆ ಬೆಂಗಳೂರಿನಲ್ಲಿ ಬೋನಸ್ ಸಿಕ್ಕಿತೋ, ಆ 25 ಆಗಿನ ನಮ್ಮ ವೈದ್ಯರ ಪುಸ್ತಕದಲ್ಲಿ ಬೊಜ್ಜಿನ ಹೊಸ್ತಿಲು. 24.9ರವನು ಹೊಸ್ತಿಲ ಮೇಲೆ ಕೂತು ಪೇಡೆ ಹಂಚಿದ ಹಾಗಾಯಿತು.

ಮಾಲಕರ ನಂಬಿಕೆ ಜಗತ್ತಿನ ತುಂಬ ಒಂದೇ: ಹೊಟ್ಟೆ ಬಂದದ್ದು ಆಲಸ್ಯದಿಂದ, ಆಲಸ್ಯ ಹೋಗುವುದು ಆಸೆಯಿಂದ ಅಥವಾ ಅಂಜಿಕೆಯಿಂದ. ಆಸೆ ಹಚ್ಚುವವರು ಅರ್ಧ ಪಗಾರ ತೋರಿಸುತ್ತಾರೆ. ನಮ್ಮ ಮಹಾರಾಷ್ಟ್ರದ ಪೊಲೀಸರಿಗೆ ಮೈ ಹತೋಟಿಯಲ್ಲಿ ಇಟ್ಟುಕೊಂಡದ್ದಕ್ಕೆ ತಿಂಗಳಿಗೆ 250 ರೂಪಾಯಿ ಭತ್ಯೆ. ಸೊಲ್ಲಾಪುರದ ಪಾರ್ಕ್ ಚೌಪಾಟಿಯಲ್ಲಿ ಗೆಳೆಯನೊಬ್ಬನನ್ನು ಕರೆದುಕೊಂಡು ನಿಂತರೆ ಆ 250 ಒಂದೇ ಸಂಜೆಯ ಮಾತು, ಅದೇ ಸಂಜೆ ಭತ್ಯೆಯ ಅರ್ಹತೆಗೂ ಕುತ್ತು. ಅಂಜಿಕೆ ಹಾಕುವವರ ಪಟ್ಟಿ ಉದ್ದ. ಏರ್ ಇಂಡಿಯಾ 2009ರಲ್ಲಿ ಹತ್ತು ಮಂದಿ ಗಗನಸಖಿಯರನ್ನು ತೂಕದ ಕಾರಣಕ್ಕೆ ಮನೆಗೆ ಕಳಿಸಿತು. ಅದಕ್ಕೂ ಹಿಂದಿನ ವರ್ಷ ದೆಹಲಿ ಹೈಕೋರ್ಟು ಆ ನಿಯಮ ಸರಿ ಎಂದಿತ್ತು. 2018ರಲ್ಲಿ ಕರ್ನಾಟಕದ ಮೀಸಲು ಪೊಲೀಸ್ ಪಡೆ ಕೆಎಸ್ಆರ್‌ಪಿಯ ಮುಖ್ಯಸ್ಥರಾಗಿದ್ದ ಭಾಸ್ಕರ ರಾವ್ ತಮ್ಮ ಸಿಬ್ಬಂದಿಗೆ ತೂಕ ಇಳಿಸಿ, ಇಲ್ಲವೇ ಅಮಾನತು ಎಂದರು. 2023ರಲ್ಲಿ ಅಸ್ಸಾಂ ಪೊಲೀಸ್ ಇಲಾಖೆ ಎಲ್ಲರ ಬಿಎಂಐ ಅಳೆದು, 30 ದಾಟಿದವರ ಮುಂದೆ ಸ್ವಯಂ ನಿವೃತ್ತಿಯ ಅರ್ಜಿ ಇಟ್ಟಿತು. ಒಟ್ಟಿನಲ್ಲಿ ಕಾಟಾ ಒಂದೇ, ಅದರ ಹಿಂದೆ ನಿಂತವನ ಕೈಯಲ್ಲಿ ಒಮ್ಮೆ ಪೇಡೆ, ಒಮ್ಮೆ ಬೆತ್ತ.

ಪೇಡೆಯ ಮಾತು ಬಂತಲ್ಲ, ಅದರ ಬಗ್ಗೆ ನನ್ನದೊಂದು ತಕರಾರು ಇದೆ. ಕೆಲಸಗಾರನ ಹೊಟ್ಟೆ ಬೆಳೆಸಿದವರು ಯಾರು? ದೀಪಾವಳಿಗೆ ಮಾಲಕರಿಂದ ಮಿಠಾಯಿ ಡಬ್ಬಿ. ಸಾಹೇಬರ ಮಗ ಪಾಸಾದರೆ ಪೇಡೆ, ನಪಾಸಾಗಿ ಮತ್ತೆ ಪಾಸಾದರೆ ದೊಡ್ಡ ಪೇಡೆ. ಮೀಟಿಂಗು ಶುರುವಾಗಲಿಕ್ಕೆ ಭಜಿ, ಮುಗಿಯಲಿಕ್ಕೆ ಚಹಾ. ಆ ಚಹಾದಲ್ಲಿ ಚಮಚ ನೆಟ್ಟರೆ ನಿಲ್ಲಬೇಕು, ಅಷ್ಟು ಸಕ್ಕರೆ. ಜಿಲ್ಲೆಯ ತುಂಬ ಸಕ್ಕರೆ ಕಾರಖಾನೆ ಇರುವ ಊರಲ್ಲಿ ಸಕ್ಕರೆ ಬೇಡ ಎನ್ನುವುದು ಮನೆಗೆ ಬಂದ ಬೀಗರಿಗೆ ನೀರು ಬೇಡ ಎಂದಷ್ಟೇ ಒರಟು. ವರ್ಷವಿಡೀ ಹೀಗೆ ಉಣಿಸಿ, ಜನವರಿ ಒಂದಕ್ಕೆ ಕಾಟಾ ತಂದಿಟ್ಟು "ನಿಮ್ಮ ಆರೋಗ್ಯವೇ ನಮ್ಮ ಕಾಳಜಿ" ಎಂದು ಗೋಡೆಗೆ ಚೀಟಿ ಹಚ್ಚಿದರೆ ಯಾರು ನಂಬಬೇಕು? 2025ರ ಜುಲೈನಲ್ಲಿ ಕೇಂದ್ರದ ಆರೋಗ್ಯ ಇಲಾಖೆ ಕಚೇರಿಗಳಲ್ಲಿ ತಿಂಡಿಯ ಎಣ್ಣೆ-ಸಕ್ಕರೆ ತಿಳಿಸುವ ಫಲಕ ಹಾಕಿ ಎಂದಿತು. ಸಮೋಸಾ-ಜಿಲೇಬಿಗೆ ಸಿಗರೇಟಿನ ಹಾಗೆ ಎಚ್ಚರಿಕೆ ಬಂತು ಎಂದು ದೇಶವೆಲ್ಲ ಗುಲ್ಲು. ಆಮೇಲೆ ಸರಕಾರವೇ ಹಾಗೇನಿಲ್ಲ, ಬೀದಿಯ ತಿಂಡಿಗೆ ಯಾವ ಎಚ್ಚರಿಕೆಯೂ ಇಲ್ಲ ಎಂದು ಸಮಜಾಯಿಷಿ ಕೊಡಬೇಕಾಯಿತು. ಗುಲ್ಲೆದ್ದ ಆ ದಿನ ನಮ್ಮ ಭಜಿ ಅಂಗಡಿಯವನು ಮಾತ್ರ ಅಲುಗಲಿಲ್ಲ. "ಬೋರ್ಡ್ ಓದೂದಕ್ಕ ನಿಂತ್ರ ಇನ್ನೊಂದು ಪ್ಲೇಟ್ ತಿಂತಾರ್ರಿ, ಹಚ್ಚಲಿ ಬಿಡ್ರಿ" ಅಂದ.

ತೆಳ್ಳಗಿದ್ದವರಿಗೆ ನಮ್ಮೂರಲ್ಲಿ ಕಾಲವಿಲ್ಲ ಎನ್ನುವುದಕ್ಕೆ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರಖಾನೆಯ ಚಿಮಣಿಯೇ ಸಾಕ್ಷಿ. ಊರಿನಲ್ಲೆಲ್ಲ ಅಷ್ಟು ಎತ್ತರಕ್ಕೆ, ಅಷ್ಟು ಸಪೂರವಾಗಿ ನಿಂತದ್ದು ಅದೊಂದೇ. ವಿಮಾನಕ್ಕೆ ಅಡ್ಡಿ ಎಂದು 2023ರ ಜೂನ್ 15ರಂದು ಕೆಡವಿದರು.

ಹಿಂದಿನ ಕಾಲದಲ್ಲಿ ಕೆಲಸಗಾರನ ಹೊಟ್ಟೆ ಇಳಿಸುವ ಪ್ರಶ್ನೆಯೇ ಇರಲಿಲ್ಲ. 1877ರಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಆ್ಯಂಡ್ ವೀವಿಂಗ್ ಮಿಲ್ಲು ಶುರುವಾಯಿತು. ಈಗಲೂ ಎಲ್ಲರ ಬಾಯಲ್ಲಿ ಅದು ಜುನಿ ಮಿಲ್. ಆಮೇಲೆ ನರಸಿಂಗ ಗಿರಜಿ, ಲಕ್ಷ್ಮಿ, ವಿಷ್ಣು. ಭೋಂಗಾ ಕೂಗಿದರೆ ಊರು ಎದ್ದು ನಡೆಯುತ್ತಿತ್ತು, ಕನ್ನಡದವರು, ತೆಲುಗಿನವರು, ಮರಾಠಿಯವರು, ಉರ್ದುವಿನವರು, ಎಲ್ಲ ಒಂದೇ ಗೇಟಿನಲ್ಲಿ. ಆಗ ತೂಕ ಇಳಿಸುವ ಕಾರ್ಯಕ್ರಮ ಮಿಲ್ಲೇ ನಡೆಸುತ್ತಿತ್ತು, ಹೆಸರಿಟ್ಟಿರಲಿಲ್ಲ ಅಷ್ಟೇ: ಉದ್ದನೆಯ ಪಾಳಿ, ಹತ್ತಿಯ ಧೂಳು, ಗಿಡ್ಡ ಪಗಾರ. ಹೊಟ್ಟೆ ಇದ್ದವನು ಶೇಟಜಿ, ಬೆನ್ನಿಗೆ ಹೊಟ್ಟೆ ಹತ್ತಿದವನು ಕಾಮಗಾರ. ದೂರದಿಂದ ನೋಡಿದರೂ ಯಾರು ಯಾರೆಂದು ತಿಳಿಯುತ್ತಿತ್ತು. ಈಗ ಎಲ್ಲ ಅದಲುಬದಲು. ಮಾಲಕರು ಬೆಳಗ್ಗೆ ಐದಕ್ಕೆ ಜಿಮ್ಮಿಗೆ ಹೋಗಿ, ಓಟ್ಸು ತಿಂದು, ಬಳ್ಳಿಯಂತೆ ಬಳುಕುತ್ತ ಬರುತ್ತಾರೆ. ಕುರ್ಚಿಗೆ ಅಂಟಿದ ಗುಮಾಸ್ತನಿಗೆ ಶೇಟಜಿಯ ಹೊಟ್ಟೆ ಬಂದಿದೆ, ಶೇಟಜಿಯ ತಿಜೋರಿ ಮಾತ್ರ ಬಂದಿಲ್ಲ. ಅವನ ಸಿಟ್ಟು ನನಗೆ ಅರ್ಥವಾಗುತ್ತದೆ.

ಆ ಗಾಜಿನ ಕಾಟಾ ಒಂದು ವಿಷಯ ಮಾತ್ರ ಕೇಳುವುದಿಲ್ಲ: ಈ ಮನುಷ್ಯ ದಿನವಿಡೀ ಏನು ಮಾಡುತ್ತಾನೆ? ಪವರ್‌ಲೂಮಿನವನು ಮಗ್ಗದಿಂದ ಮಗ್ಗಕ್ಕೆ ಪಾಳಿ ತುಂಬ ನಡೆಯುತ್ತಲೇ ಇರುತ್ತಾನೆ. ಅವನ ಹೆಜ್ಜೆ ಎಣಿಸಹೋದರೆ ಆ್ಯಪೇ ದಣಿದು ಕೂತೀತು. ಬೀಡಿ ಕಟ್ಟುವ ಅಕ್ಕ ಮೊರ ತೊಡೆಯ ಮೇಲಿಟ್ಟು ಕೂತರೆ ಏಳುವುದು ಸಾವಿರ ತುಂಬಿದ ಮೇಲೆಯೇ. ಬೆನ್ನು, ಮೊಣಕಾಲು ಹಿಡಿದಿರುತ್ತವೆ, ಆದರೆ ಅವಳನ್ನು ವಾಕಿಂಗ್ ಹೋಗು ಎಂದು ಯಾರೂ ಕಳಿಸುವುದಿಲ್ಲ. ವೆಲ್‌ನೆಸ್ಸಿನ ಚೀಟಿ ಹಚ್ಚಲು ಮೊದಲು ಗೋಡೆ ಬೇಕು. ಮನೆಯಲ್ಲೇ ಕೂತು ಕಟ್ಟುವವಳಿಗೆ ಮಾಲಕರ ಗೋಡೆ ಎಲ್ಲಿಯದು? ಇನ್ನು ನಲ್ಲಿಯ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರಿನಲ್ಲಿ, ಕೊಡ ಹೊತ್ತು ಮೂರನೇ ಮಾಳಿಗೆ ಏರುವ ಹೆಂಗಸಿಗೆ ಲಿಫ್ಟ್ ಬಿಟ್ಟು ಮೆಟ್ಟಿಲು ಬಳಸಿ ಎಂದು ಉಪದೇಶ ಕೊಡುವ ಧೈರ್ಯ ನನಗಂತೂ ಇಲ್ಲ.

ಇಷ್ಟೆಲ್ಲ ಮಾಡಿ ಮಾಲಕರಿಗೆ ಸಿಗುವುದಾದರೂ ಏನು? ಅಮೆರಿಕದಲ್ಲಿ ಬಿಜೆಸ್ ಎಂಬ ದೊಡ್ಡ ಅಂಗಡಿ ಸಾಲಿನ ಸುಮಾರು 33,000 ನೌಕರರನ್ನು ಹಿಡಿದು ಅಧ್ಯಯನ ಮಾಡಿದರು. ಕೆಲವು ಅಂಗಡಿಗಳಲ್ಲಿ ಕಾರ್ಯಕ್ರಮ, ಕೆಲವಲ್ಲಿ ಇಲ್ಲ. ಹದಿನೆಂಟು ತಿಂಗಳಾದ ಮೇಲೆ, 2019ರಲ್ಲಿ ಬಂದ ಫಲಿತಾಂಶ ಓದಿ ನಾನು ಖುಷಿಯಿಂದ ಎರಡನೇ ಚಹಾ ಹೇಳಿದೆ. ಕಾರ್ಯಕ್ರಮ ಇದ್ದ ಕಡೆಯವರು ನಾವು ವ್ಯಾಯಾಮ ಮಾಡ್ತೀವಿ, ತೂಕ ನೋಡಿಕೊಳ್ತೀವಿ ಎಂದು ಹೆಚ್ಚು ಹೆಚ್ಚು ಹೇಳಿದರು. ಅಳೆದು ನೋಡಿದರೆ ಬಿಎಂಐ, ಬಿಪಿ, ಕೊಲೆಸ್ಟ್ರಾಲ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಬಾಯಲ್ಲಿ ಇಳಿದದ್ದು ಕಾಟಾದ ಮೇಲೆ ಇಳಿಯಲಿಲ್ಲ. ಇಲಿನಾಯ್ ವಿಶ್ವವಿದ್ಯಾಲಯ ತನ್ನ ನೌಕರರ ಮೇಲೆ ನಡೆಸಿದ ಇಂಥದೇ ಪರೀಕ್ಷೆಯಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು: ಓಡಿಬಂದು ಹೆಸರು ಹಚ್ಚಿದವರು ಬಹುತೇಕ ಮೊದಲೇ ಗಟ್ಟಿಮುಟ್ಟಾಗಿದ್ದವರು. ನಮ್ಮ ಅಕೌಂಟ್ಸಿನ ಅಣ್ಣಾವರಂಥವರು ಯಾವ ದೇಶದಲ್ಲೂ ಮುಂದಿನ ಸಾಲಿನಲ್ಲಿ ನಿಲ್ಲುವುದಿಲ್ಲ.

ಹಾಗಂತ ನಮ್ಮವರು ನಡೆಯುವುದಿಲ್ಲವೇ? ಗುರುವಾರ ಬರಲಿ. ಸೊಲ್ಲಾಪುರದಿಂದ ಅಕ್ಕಲಕೋಟೆಗೆ ನಲವತ್ತು ಕಿಲೋಮೀಟರಿಗೆ ತುಸು ಕಡಿಮೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಆ ಹಾದಿಯನ್ನು ಕಾಲ್ನಡಿಗೆಯಲ್ಲೇ ಮುಗಿಸುವ ಭಕ್ತರಿದ್ದಾರೆ. ಆಫೀಸಿನ ಆ್ಯಪಿಗೆ ಒಂದು ಸಾವಿರ ಹೆಜ್ಜೆ ಕೊಡಲು ಮುಲುಗುವ ಅಣ್ಣಾವರು, ಹರಕೆ ಹೊತ್ತರೆ ಅಲ್ಲಿಯವರೆಗೂ ನಡೆದು, ಚಪ್ಪಲಿ ಕೈಯಲ್ಲಿ ಹಿಡಿದು ನಗುತ್ತ ನಿಲ್ಲುತ್ತಾರೆ. ಸ್ವಾಮಿಗಳು 1850ರ ದಶಕದಲ್ಲಿ ಅಕ್ಕಲಕೋಟೆಗೆ ಬಂದವರು 1878ರಲ್ಲಿ ಸಮಾಧಿಯಾಗುವವರೆಗೂ ಅಲ್ಲೇ ಇದ್ದರು. ಈಗ ಅಲ್ಲಿಯ ಅನ್ನಛತ್ರದಲ್ಲಿ ಬಂದವರಿಗೆಲ್ಲ ಊಟ. ನೀನು ಯಾರು, ಎಷ್ಟು ತೂಕ, ಬಿಎಂಐ ಎಷ್ಟು ಎಂದು ಕೇಳುವವರಿಲ್ಲ. ಪಂಕ್ತಿಯಲ್ಲಿ ಕೂತರೆ ಬಡಿಸುತ್ತಾರೆ. ಹಾದಿಯಲ್ಲಿ ಕರಗಿದ್ದು ಪಂಕ್ತಿಯಲ್ಲಿ ಮರಳಿ ಬರುತ್ತದೆ ನಿಜ. ಆದರೂ ನೋಡಿ, ತೂಗದೆ ಉಣಿಸುವ ಕಡೆಗೆ ಜನ ನಡೆದು ಹೋಗುತ್ತಾರೆ, ಉಣಿಸದೆ ತೂಗುವ ಕಡೆ ಮೆಟ್ಟಿಲ ಹಿಂದೆ ಅಡಗುತ್ತಾರೆ. ಎಚ್ಆರ್ ಮೇಡಮ್ಮನವರು ಒಂದು ಗುರುವಾರ ರಜೆ ಹಾಕಿ ಈ ಪಂಕ್ತಿಯಲ್ಲಿ ಕೂತು ಬರಬೇಕು ಎಂಬುದು ನನ್ನ ಸಲಹೆ. ಖರ್ಚೂ ಇಲ್ಲ.

ಕಾಮಗಾರರೂ ಸಾಚಾ ಅಲ್ಲ, ಬಿಡಿ. ಕಾರ್ಯಕ್ರಮ ಮಾಡಿದರೆ ನಮ್ಮ ಹೊಟ್ಟೆಗೆ ನಿಮಗೇನು ಸಂಬಂಧ ಎನ್ನುತ್ತಾರೆ; ಮಾಡದಿದ್ದರೆ ಮಾಲಕರಿಗೆ ನಮ್ಮ ಆರೋಗ್ಯದ ಖಬರೇ ಇಲ್ಲ ಎನ್ನುತ್ತಾರೆ. ಫಿಟ್‌ನೆಸ್ ಪಟ್ಟಿಯನ್ನು ಮಗನ ಕೈಗೆ ಕಟ್ಟಿ ಕ್ರಿಕೆಟ್ ಆಡಲು ಕಳಿಸಿ, ಸಂಜೆ ಅವನ ಹೆಜ್ಜೆಗಳನ್ನು ತಮ್ಮ ಖಾತೆಗೆ ಜಮಾ ಮಾಡಿಕೊಳ್ಳುವ ಉಪಾಯ ಯಾರೂ ಕಲಿಸಿಕೊಟ್ಟದ್ದಲ್ಲ. ಮಗನ ಮುಂದೆ ಇದನ್ನು ಮಾಡಬಾರದು ಎಂದು ನಾನು ಹೇಳಹೊರಟರೆ, "ಕಾಟಾಮಾರಿ ಅವರಷ್ಟೇ ಮಾಡಬೇಕೇನ್ರಿ?" ಎಂಬ ಉತ್ತರ ತಯಾರಿರುತ್ತದೆ. ಈ ಒಂದು ವಾದಕ್ಕೆ ನನ್ನ ಹತ್ತಿರ ಮರುಮಾತಿಲ್ಲ.

ಸಂಧಾನ ಹೀಗೆ ಆಗಬಹುದು ಎಂದು ನಾನೊಂದು ಕನಸು ಕಟ್ಟಿದ್ದೇನೆ. ಮಾಲಕರು ಕರೆದಿದ್ದಾರೆ, ಕಾಮಗಾರರ ಕಡೆಯಿಂದ ಹಳೆಯ ಜಾಬರು, ಅಂದರೆ ಮಿಲ್ಲಿನ ಮೇಸ್ತ್ರಿ, ಹೋಗಿದ್ದಾರೆ.

"ತೂಕ ಇಳಸ್ಬೇಕ್ರಪಾ."

"ಇಳಸ್ತೀವ್ರಿ ಮಾಲಕ್ರ. ಮೊದ್ಲ ಊಟದ ಸುಟ್ಟಿ ಅರ್ಧ ತಾಸು ಅಂತ ಕಾಗದದಾಗ ಅದ, ಹತ್ತು ಮಿನಿಟಿನಾಗ ಭೋಂಗಾ ಹೊಡೀತೀರಿ. ಜಗದು ತಿನ್ನಾಕ ಬಿಡ್ರಿ."

"ಆಯ್ತು."

"ಎರಡು ಪಾಳಿ ಜೋಡಿಸಿ ನಿಂದ್ರಸಬ್ಯಾಡ್ರಿ. ನಿದ್ದಿ ಕೆಟ್ರ ಹೊಟ್ಟಿ ಬರ್ತದ ಅಂತ ಡಾಕ್ಟರ್ ಹೇಳ್ಯಾರ."

"ಅದು... ನೋಡೋಣ."

"ಮೀಟಿಂಗಿನಾಗ ಭಜಿ ಬದ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಒಂದೀಟು ಉಳ್ಳಾಗಡ್ಡಿ. ಮತ್ತ ಕಾಟಾ ನಮ್ಮ ಕಡಿ ಇರ್ಲಿ. ಅಂಕಿ ನಾವ್ ನೋಡ್ಕೋತೀವಿ, ನಿಮಗ ಹೇಳಂಗಿಲ್ಲ."

ಮಾಲಕರು ಮೊದಲ ಮೂರನ್ನು ಹೇಗೋ ನುಂಗುತ್ತಾರೆ. ಕೊನೆಯ ಮಾತಿಗೆ ಬಂದಾಗ ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ಅಂಕಿ ತನಗೆ ಸಿಗದ ಕಾಟಾಕ್ಕೆ ರೊಕ್ಕ ಹಾಕಿದ ಮಾಲಕನನ್ನು ಸೊಲ್ಲಾಪುರ ಇನ್ನೂ ನೋಡಿಲ್ಲ. ಕನಸು ಅಲ್ಲಿಗೇ ಮುರಿಯುತ್ತದೆ.

ಅಂಕಿ ಮಾಲಕರಿಗೆ ಹೇಳದ ಅಂಥ ಕಾಟಾ ಊರಲ್ಲಿ ಮೊದಲಿಂದಲೂ ಒಂದಿದೆ, ಕಸಿ ಕಟ್ಟಿ ತೊಡುವ ಆ ಅಂಗಿಯ ಹೆಸರು ಬಾರಾಬಂದಿ. ಸಂಕ್ರಾಂತಿಗೆ ಊರ ದೈವ ಸಿದ್ಧರಾಮನ ಗಡ್ಡಾ ಜಾತ್ರೆ. ಏಳು ನಂದಿಧ್ವಜಗಳು ಅರವತ್ತೆಂಟು ಲಿಂಗಗಳ ದರ್ಶನಕ್ಕೆ ಹೊರಡುತ್ತವೆ. ಆ ಎತ್ತರದ ಕೋಲು ಹೊರುವುದು ಆಟವಲ್ಲ, ಜಾತ್ರೆಗೆ ಎಷ್ಟೋ ದಿನ ಮೊದಲೇ ಬೀದಿಯಲ್ಲಿ ತಾಲೀಮು ಶುರುವಾಗುತ್ತದೆ. ಕೆಲಸ ಮುಗಿಸಿ ಬಂದವರು, ದಣಿದವರು, ಹೊಟ್ಟೆ ಬಂದವರು, ಬರದವರು, ಯಾರೂ ಬೋನಸ್ ಕೇಳಿದ್ದನ್ನು ನಾನು ಕಾಣೆ. ಜಾತ್ರೆಯ ದಿನ ಎಲ್ಲರ ಮೈಮೇಲೆ ಬಿಳಿಯ ಬಾರಾಬಂದಿ. ಪೆಟ್ಟಿಗೆಯಿಂದ ತೆಗೆದು ತೊಟ್ಟು ಕಸಿ ಕಟ್ಟಲು ಹೋದರೆ ಹೋದ ವರ್ಷದ ಲೆಕ್ಕ ಅಲ್ಲೇ ಚುಕ್ತಾ: ಎದೆಯ ಕಸಿ ಕೂಡುತ್ತದೆ, ಹೊಟ್ಟೆಯ ಮೇಲಿನದು ಕೂಡುವುದಿಲ್ಲ. ನಮ್ಮ ಓಣಿಯ ದರ್ಜಿಯ ಹತ್ತಿರ ಸಂಕ್ರಾಂತಿಯ ಹಿಂದಿನ ವಾರ ಇದೇ ಕೆಲಸ. ಓಟ್ಸು ತಿನ್ನುವ ಮಾಲಕರೊಬ್ಬರು ಕಾರು ದೂರ ನಿಲ್ಲಿಸಿ, ಬಾರಾಬಂದಿ ಮಡಿಚಿ ಬಗಲಲ್ಲಿ ಇಟ್ಟುಕೊಂಡು ಬಂದದ್ದನ್ನು ಓಣಿಯೇ ಕಂಡಿದೆ.

"ಕಸಿ ಎಷ್ಟ್ ಉದ್ದ ಮಾಡ್ಲಿ, ಮಾಲಕ್ರ?"

"ನಾಲ್ಕ್ ಬಟ್ಟು ಮಾಡು. ಮಂದಿಗಿ ಹೇಳಬ್ಯಾಡ."

"ಹೇಳಂಗಿಲ್ರಿ. ನಿಮ್ಮ ಜಾಬರ್ ಅಣ್ಣಾನೂ ನಿನ್ನಿ ಬಂದಿದ್ರು, ಎರಡ ಬಟ್ಟು ಹೆಚ್ಚ ಮಾಡಸ್ಕೊಂಡ್ ಹೋದ್ರು. ಅದನ್ನೂ ಯಾರಿಗೂ ಹೇಳಿಲ್ಲ ನೋಡ್ರಿ."